ಮುಳುಗಡೆಯ ಗೆರೆ, ಬರೋಣದ ಲೆಕ್ಕ

ನಾನಾಗ ಐದನೇ ಕ್ಲಾಸು. ನಮ್ಮ ಮನೆ ಹಳೇ ಬಾಗಲಕೋಟೆಯಲ್ಲಿತ್ತು. ಒಂದು ಮಧ್ಯಾಹ್ನ ಶಾಲೆ ಬೇಗ ಬಿಟ್ಟಿತು, ಮನೆಗೆ ಬಂದೆ. ಬಾಗಿಲು ತೆರೆದಿದೆ. ಒಲೆ ಮೇಲೆ ಬೇಳೆ ಕುದಿಯುತ್ತಿದೆ, ಪಕ್ಕದಲ್ಲಿ ಅರ್ಧ ತಟ್ಟಿದ ರೊಟ್ಟಿ ಇದೆ, ಅವ್ವ ಮಾತ್ರ ಇಲ್ಲ. ಅಕ್ಕನೂ ಇಲ್ಲ. ಬೇರೆ ಹುಡುಗನಾಗಿದ್ದರೆ ಅವ್ವ ನಳಕ್ಕೆ ನೀರಿಗೆ ಹೋಗಿರಬೇಕು ಅಂದುಕೊಂಡು ಬೆಲ್ಲದ ಡಬ್ಬಿ ಹುಡುಕುತ್ತಿದ್ದ. ನನಗೆ ಕೈಕಾಲು ತಣ್ಣಗಾದವು. ಕರ್ತನು, ಅಂದರೆ ಯೇಸು, ಬಂದುಬಿಟ್ಟ, ಎಲ್ಲರನ್ನೂ ಎತ್ತಿಕೊಂಡು ಹೋದ, ನಾನೊಬ್ಬನೇ ಉಳಿದೆ ಅನ್ನಿಸಿತು. ಹಿಂದಿನ ವಾರ ಬೇರೆಯವರ ಹಿತ್ತಲಿನ ಪೇರಲ ಕದ್ದಿದ್ದೆ, ಅದೇ ಕಾರಣ ಅಂತಲೂ ಗೊತ್ತಾಗಿಹೋಯಿತು. ಪಾಸ್ಟರ್ ಮನೆಗೆ ಓಡಿದೆ. ಅವರು ಕಟ್ಟೆಯ ಮೇಲೆ ಕೂತು ಕಾಲುಗುರು ತೆಗೆಯುತ್ತಿದ್ದರು. ಅವತ್ತು ಆದಷ್ಟು ಸಮಾಧಾನ ಮುಂದೆ ಅವರ ಯಾವ ಪ್ರಸಂಗದಲ್ಲೂ ನನಗೆ ಆಗಲಿಲ್ಲ.

ಇದನ್ನು ಹೇಳಿದರೆ ಹೊರಗಿನವರು ನಗುತ್ತಾರೆ. ಸಭೆಯಲ್ಲಿ, ಅಂದರೆ ನಮ್ಮಂಥ ಕ್ರೈಸ್ತ ಕೂಟದಲ್ಲಿ, ಬೆಳೆದವರು ನಗುವುದಿಲ್ಲ, ತಮ್ಮದೂ ಒಂದು ಹೇಳುತ್ತಾರೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಮನೆ ಹೋದವರಿಗಾಗಿ ಕಟ್ಟಿದ ನವನಗರದಲ್ಲಿ ಭಾನುವಾರ ಸಂಜೆ ಚಹಾ, ಮಿರ್ಚಿ ಅಂತ ಸೇರುವ ನಾವು ನಾಲ್ವರಲ್ಲಿ ಮೂವರ ಬಳಿ ಇಂಥ ಕತೆ ಇದೆ. ಒಬ್ಬಳು ನರ್ಸ್. ಒಬ್ಬ ಅಂಗಡಿಗಳ ಲೆಕ್ಕ ಬರೆಯುವವನು. ಇನ್ನೊಬ್ಬ ಗುಳೇದಗುಡ್ಡದ ಮೇಷ್ಟ್ರು, ಹಳೇ ಮಿಷನ್ ಮನೆತನದವನು. ಸಭೆಯ ಭಾಷೆಯಲ್ಲಿ ನಾವು ಮೂವರು ‘ಹಿಂಜಾರಿದವರು’, ಅಂದರೆ ನಂಬಿಕೆ ಬಿಟ್ಟವರು. ಮೇಷ್ಟ್ರು ಇನ್ನೂ ಚರ್ಚಿಗೆ ಹೋಗುತ್ತಾನೆ. ಹಾಗಾಗಿ ಅವನಿಗೆ ಅರ್ಧ ಹಿಂಜಾರಿದವ ಅನ್ನುತ್ತೇವೆ. ನಾವು ವರ್ಷಗಟ್ಟಲೆ ಜಗಳಾಡಿದ್ದು ಎರಡೇ ವಿಷಯಕ್ಕೆ. ಬೈಬಲಿನಲ್ಲಿ ಲೋಕದ ಅಂತ್ಯದ ಬಗ್ಗೆ ಇರುವ ಮಾತುಗಳು ನಿಜವಾಗಿ ಏನು ಹೇಳುತ್ತವೆ, ಮತ್ತು ಅವು ನೆರವೇರಲಿಲ್ಲ ಅಂದರೆ ನಂಬುವುದಕ್ಕೆ ಬೇರೆ ಕಾರಣ ಉಳಿಯುತ್ತದಾ. ಈ ಜಗಳದಲ್ಲಿ ನನಗೆ ಅರ್ಥವಾದಷ್ಟನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ನಮಗೆ ಏನು ಕಲಿಸಿದ್ದರು ಅಂತ ಹೇಳಬೇಕು. ಯೇಸು ಮತ್ತೆ ಬರುತ್ತಾನೆ, ಅದಕ್ಕೆ ‘ಬರೋಣ’ ಅಂತ ಹೆಸರು. ಆದರೆ ಅದು ಎರಡು ಕಂತಿನಲ್ಲಿ. ಮೊದಲ ಕಂತಿನಲ್ಲಿ ಯಾರಿಗೂ ಗೊತ್ತಾಗದ ಹಾಗೆ ಬಂದು ನಿಜವಾದ ವಿಶ್ವಾಸಿಗಳನ್ನು ಮೋಡಕ್ಕೆ ಎತ್ತಿಕೊಳ್ಳುತ್ತಾನೆ. ಇದೇ ‘ಎತ್ತಲ್ಪಡುವಿಕೆ’, ಈಗಿನ ಹುಡುಗರ ಬಾಯಲ್ಲಿ ರ್ಯಾಪ್ಚರ್. ಉಳಿದವರಿಗೆ ಏಳು ವರ್ಷ ಮಹಾ ಸಂಕಟ. ಕ್ರಿಸ್ತವಿರೋಧಿ ಆಳುತ್ತಾನೆ, ಬಲಗೈಗೋ ಹಣೆಗೋ 666 ಗುರುತು ಇಲ್ಲದವನು ಕೊಳ್ಳುವ ಹಾಗಿಲ್ಲ, ಮಾರುವ ಹಾಗಿಲ್ಲ. ಆಮೇಲೆ ಎರಡನೇ ಕಂತು, ಯುದ್ಧ, ಸಾವಿರ ವರ್ಷದ ಆಳ್ವಿಕೆ. ನನಗೆ ಇದು ಎರಡು ಸಾವಿರ ವರ್ಷದ ನಂಬಿಕೆ ಅಂತಲೇ ಗೊತ್ತಿದ್ದದ್ದು. ಮೇಷ್ಟ್ರು ಮೊದಲ ಸಲ ನಮ್ಮ ಜೊತೆ ಕೂತಾಗ ‘ನಮ್ಮ ಚರ್ಚಿನ್ಯಾಗ ಈ ಎತ್ತಿಕೊಂಡ್ ಹೋಗೂದು ನಾ ಕೇಳೇ ಇಲ್ಲ’ ಅಂದ. ನಾವು ಅವನ ಚರ್ಚೇ ಸತ್ತಿದೆ ಅಂದುಕೊಂಡೆವು.

ಅವನು ಹೇಳಿದ್ದು ಸರಿ ಇತ್ತು. ಸತ್ತವರಿಗೂ ಬದುಕಿರುವವರಿಗೂ ನ್ಯಾಯ ತೀರಿಸಲು ಕ್ರಿಸ್ತ ಮತ್ತೆ ಬರುತ್ತಾನೆ ಅನ್ನುವುದು ಹಳೆಯ ವಿಶ್ವಾಸ ಪ್ರಮಾಣದಲ್ಲೇ ಇದೆ. ಕ್ಯಾಥೋಲಿಕರು, ದಕ್ಷಿಣ ಭಾರತದ ಪ್ರಾಟೆಸ್ಟೆಂಟ್ ಚರ್ಚಾದ ಸಿ.ಎಸ್.ಐ.ನವರು, ಎಲ್ಲರೂ ಅದನ್ನು ಹೇಳುತ್ತಾರೆ. ಆದರೆ ಗುಟ್ಟಾಗಿ ಎತ್ತಿಕೊಂಡು ಹೋಗುವ ಮೊದಲ ಕಂತು ಇದೆಯಲ್ಲ, ಅದನ್ನು ಒಂದು ವ್ಯವಸ್ಥೆಯಾಗಿ ಕಟ್ಟಿ ಹರಡಿದ್ದು ಜಾನ್ ನೆಲ್ಸನ್ ಡಾರ್ಬಿ ಅನ್ನುವ ಬೋಧಕ. ಅದು 1830ರ ದಶಕ. 1909ರಲ್ಲಿ ಅಮೆರಿಕದಲ್ಲಿ ಸ್ಕೋಫೀಲ್ಡ್ ಅನ್ನುವವರ ಟಿಪ್ಪಣಿಗಳ ಜೊತೆ ಒಂದು ಬೈಬಲ್ ಅಚ್ಚಾಯಿತು. ವಚನ ಮೇಲೆ, ಟಿಪ್ಪಣಿ ಅದೇ ಪುಟದ ಕೆಳಗೆ. ಓದುವವನಿಗೆ ಎರಡೂ ಒಂದೇ ಪುಸ್ತಕ. ಡಾರ್ಬಿಯ ಲೆಕ್ಕ ಹಳ್ಳಿ ಹಳ್ಳಿಗೆ ಹೋದದ್ದು ಹೆಚ್ಚಾಗಿ ಈ ದಾರಿಯಲ್ಲಿ. ಅದಕ್ಕೂ ಬಹಳ ಹಿಂದೆ, ಐದನೇ ಶತಮಾನದಲ್ಲೇ, ಅಗಸ್ಟೀನ್ ಅನ್ನುವ ಬಿಷಪ್ ಆ ಸಾವಿರ ವರ್ಷ ಅಂದರೆ ಈಗ ನಡೆಯುತ್ತಿರುವ ಸಭೆಯ ಕಾಲವೇ, ಸಂಖ್ಯೆ ಬರೀ ಸಂಕೇತ ಅಂದಿದ್ದರು. ದೊಡ್ಡ ಚರ್ಚುಗಳು ಸಾವಿರ ವರ್ಷಕ್ಕೂ ಜಾಸ್ತಿ ಕಾಲ ಅದನ್ನೇ ಹಿಡಿದುಕೊಂಡು ಬಂದವು.

ಹಾಗಂತ ಮೇಷ್ಟ್ರ ಕಡೆಯವರು ಪೂರ್ತಿ ಪಾರಾಗಿದ್ದಾರೆ ಅಂತ ಅಲ್ಲ. ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ, ಗುಳೇದಗುಡ್ಡಕ್ಕೆ 1851ರಲ್ಲಿ. ಆ ಮಿಷನರಿಗಳಲ್ಲಿ ತುಂಬಾ ಜನ ಬಂದದ್ದು ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಭಕ್ತ ಮನೆಗಳಿಂದ. ಆ ಸೀಮೆಯ ದೊಡ್ಡ ಪಂಡಿತ ಬೆಂಗೆಲ್, 1752ರಲ್ಲಿ ತೀರಿಕೊಂಡವರು, ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆ ಗ್ರಂಥದ ಅಂಕಿಗಳನ್ನು ಕೂಡಿ ಕಳೆದು 1836ರಲ್ಲಿ ಸಾವಿರ ವರ್ಷದ ಕಾಲ ಶುರುವಾಗುತ್ತದೆ ಅಂತ ಲೆಕ್ಕ ಹಾಕಿದ್ದರು. ಆ ಲೆಕ್ಕದ ಕಾವಿನಲ್ಲಿ ಊರು ಬಿಟ್ಟು ರಷ್ಯದ ಕಡೆ ಗುಳೆ ಹೋದ ಮನೆಗಳೂ ಇದ್ದವು. ಗುಳೇದಗುಡ್ಡದಲ್ಲಿ ಮಿಷನ್ ಶುರುವಾಗುವ ಹೊತ್ತಿಗೆ ಆ ವರ್ಷ ಹೋಗಿ 15 ವರ್ಷ ಆಗಿತ್ತು. ಬೆಂಗೆಲ್ ಬಗ್ಗೆ ನನಗೆ ಒಂದು ಮರ್ಯಾದೆ ಇದೆ. 1836 ಏನೂ ಆಗದೆ ಕಳೆದರೆ ನನ್ನ ಲೆಕ್ಕದ ಬುಡದಲ್ಲೇ ತಪ್ಪಿದೆ ಅಂತ ತಿಳಿಯಿರಿ ಅಂತ ಅವರೇ ಮೊದಲೇ ಹೇಳಿಟ್ಟಿದ್ದರು. ಹೀಗೆ ಹೇಳುವ ಪಾಸ್ಟರನ್ನು ನಾನು ಒಬ್ಬರನ್ನೂ ನೋಡಿಲ್ಲ.

ಈಗ ಜಗಳದ ತಿರುಳಿಗೆ ಬರೋಣ. (ಈ ‘ಬರೋಣ’ ಬೇರೆ.) ಯೇಸುವಿನ ಕತೆ ಹೇಳುವ ಸುವಾರ್ತೆಗಳಲ್ಲಿ ಮಾರ್ಕ 13, ಮತ್ತಾಯ 24, ಲೂಕ 21, ಮೂರರಲ್ಲೂ ಹೆಚ್ಚುಕಡಿಮೆ ಒಂದೇ ಪ್ರಸಂಗ ಇದೆ. ಶಿಷ್ಯರು ಯೆರೂಸಲೇಮಿನ ದೇವಾಲಯ ನೋಡಿ ಎಂಥಾ ಕಲ್ಲುಗಳು ಅನ್ನುತ್ತಾರೆ. ಯೇಸು, ಕಲ್ಲಿನ ಮೇಲೆ ಕಲ್ಲು ಉಳಿಯುವುದಿಲ್ಲ ಅನ್ನುತ್ತಾನೆ. ಆಮೇಲೆ ಯುದ್ಧ, ಬರ, ಭೂಕಂಪ, ಸೂರ್ಯ ಕತ್ತಲಾಗುವುದು, ಮನುಷ್ಯಕುಮಾರ ಮೋಡದ ಮೇಲೆ ಬರುವುದು. ಕೊನೆಗೆ, ಇದೆಲ್ಲಾ ಆಗುವ ತನಕ ಈ ಸಂತತಿ ಅಳಿದುಹೋಗುವುದಿಲ್ಲ ಅನ್ನುವ ಮಾತು. ಸುಮಾರು ಕ್ರಿ.ಶ. 30ರಲ್ಲಿ ಆಡಿದ ಮಾತು ಅಂತ ಇಟ್ಟುಕೊಳ್ಳಿ. 70ರಲ್ಲಿ ರೋಮಿನ ಸೇನಾಪತಿ ಟೈಟಸ್ ದೇವಾಲಯ ಕೆಡವಿದ. 40 ವರ್ಷ, ಅಂದರೆ ಒಂದು ತಲೆಮಾರು. ಅಲ್ಲಿಯವರೆಗೆ ಸರಿ. ಆದರೆ ಮೋಡದ ಮೇಲೆ ಯಾರೂ ಬರಲಿಲ್ಲ.

ಇಲ್ಲಿ ನಮ್ಮ ಕನ್ನಡವೇ ನಮಗೆ ಮೋಸ ಮಾಡಿತು ಅಂತ ನನಗೆ ಅನ್ನಿಸುತ್ತದೆ. ಹಳೇ ಕನ್ನಡ ಬೈಬಲಿನಲ್ಲಿ ‘ಸಂತತಿ’ ಅಂತಿದೆ. ಸಂತತಿ ಅಂದರೆ ನಮಗೆ ವಂಶ, ಮಕ್ಕಳು ಮೊಮ್ಮಕ್ಕಳು. ಯೆಹೂದ್ಯರ ವಂಶ ಇನ್ನೂ ಇದೆಯಲ್ಲ, ಹಾಗಾದರೆ ಮಾತು ಸುಳ್ಳಾಗಲಿಲ್ಲ ಅಂತ ಸಲೀಸಾಗಿ ದಾಟಿಬಿಡಬಹುದು. ಗ್ರೀಕಿನಲ್ಲಿ ಇರುವುದು ‘ಗೆನೆಆ’. ಸುವಾರ್ತೆಗಳಲ್ಲಿ ಯೇಸು ‘ಈ ಗೆನೆಆ’ ಅಂದಾಗಲೆಲ್ಲ ಎದುರಿಗೆ ನಿಂತ ಕಾಲದ ಜನರನ್ನೇ ಬೈಯುತ್ತಿರುತ್ತಾನೆ. ಅಲ್ಲಿ ‘ಈ ತಲೆಮಾರು’ ಅಂತ ಅಚ್ಚಾಗಿದ್ದರೆ ನಾನು ಹದಿನೈದನೇ ವಯಸ್ಸಿಗೇ ಕೈ ಎತ್ತಿ ಪ್ರಶ್ನೆ ಕೇಳುತ್ತಿದ್ದೆ.

ಈ ವಚನದಿಂದ ಪಾರಾಗಲು ಜನ ಬೇರೆ ದಾರಿಗಳನ್ನೂ ಹುಡುಕಿದ್ದಾರೆ. ‘ಈ ತಲೆಮಾರು’ ಅಂದರೆ ಗುರುತುಗಳನ್ನು ನೋಡುವ ಕೊನೆಯ ತಲೆಮಾರು ಅನ್ನುವುದು ಒಂದು. 1948ರಲ್ಲಿ ಇಸ್ರೇಲ್ ಹುಟ್ಟಿತು, ಅದೇ ಗುರುತು, ಅದಕ್ಕೆ 40 ಸೇರಿಸಿ ಅಂತ ಅಮೆರಿಕದವರು ಲೆಕ್ಕ ಹಾಕಿದರು. ನಾಸಾದಲ್ಲಿ ಇಂಜಿನಿಯರ್ ಆಗಿದ್ದ ಎಡ್ಗರ್ ವಿಸೆನಂಟ್ ಅನ್ನುವವರು 1988ಕ್ಕೆ 88 ಕಾರಣ ಕೊಟ್ಟು ಪುಸ್ತಕ ಬರೆದರು. 1988 ಬಂತು, ಹೋಯಿತು. ಇನ್ನೊಂದು ದಾರಿಯವರು, ಎಲ್ಲಾ 70ರಲ್ಲೇ ಮುಗಿಯಿತು ಅನ್ನುತ್ತಾರೆ. ಮೋಡದ ಮೇಲೆ ಬರುವುದು ಅಂದರೆ ಕಣ್ಣಿಗೆ ಕಾಣುವ ಸವಾರಿ ಅಲ್ಲ, ಪ್ರವಾದಿಗಳ ಮಾತಿನ ರೀತಿ ಅಷ್ಟೇ. ಯೆಶಾಯ 19ರಲ್ಲಿ ದೇವರು ಮೋಡ ಏರಿ ಐಗುಪ್ತಕ್ಕೆ ಬರುತ್ತಾನೆ, ಅಂದರೆ ಐಗುಪ್ತಕ್ಕೆ ಶಿಕ್ಷೆ ಬಂತು ಅಂತ ಅರ್ಥ. ಹಾಗೆಯೇ ಯೆರೂಸಲೇಮಿಗೂ. ನಂಬುವವರು ಕೊಡುವ ಉತ್ತರಗಳಲ್ಲಿ ನನಗೆ ಗಟ್ಟಿ ಅನ್ನಿಸುವುದು ಇದೇ. ಕೊನೆಯ ದಾರಿ ಆಲ್ಬರ್ಟ್ ಶ್ವೈಟ್ಸರ್ ಅನ್ನುವ ಬೈಬಲ್ ಪಂಡಿತ 1906ರಲ್ಲಿ ಹಿಡಿದದ್ದು. ಯೇಸು ನಿಜವಾಗಿಯೂ ತನ್ನ ಕಾಲದಲ್ಲೇ ಅಂತ್ಯ ಬರುತ್ತದೆ ಅಂತ ನಂಬಿದ್ದ, ಅದು ಬರಲಿಲ್ಲ. ಇದನ್ನು ಬರೆದ ಮನುಷ್ಯ ಆಮೇಲೆ ಡಾಕ್ಟರ್ ಆಗಿ, ಆಫ್ರಿಕಾಕ್ಕೆ ಹೋಗಿ ಆಸ್ಪತ್ರೆ ಕಟ್ಟಿದ ಅನ್ನುವುದನ್ನು ಮೇಷ್ಟ್ರು ಪ್ರತಿ ಸಲವೂ ನೆನಪಿಸುತ್ತಾನೆ. ಕ್ರೈಸ್ತ ನಂಬಿಕೆಯ ಪರ ವಾದ ಮಾಡಿ ಹೆಸರಾದ ಸಿ. ಎಸ್. ಲೂಯಿಸ್ ಕೂಡ ಇಡೀ ಬೈಬಲಿನಲ್ಲಿ ಅತಿ ಮುಜುಗರದ ವಚನ ಇದೇ ಅಂತ ಒಪ್ಪಿಕೊಂಡಿದ್ದರು.

ಎಲ್ಲಾ 70ರಲ್ಲೇ ಮುಗಿಯಿತು ಅನ್ನುವವರು ಎಡವುವುದು ಪೌಲನ ಹತ್ತಿರ, ಮೊದಲ ಕಾಲದ ಸಭೆಗಳಿಗೆ ಪತ್ರ ಬರೆದ ಅಪೊಸ್ತಲ ಅವನು. ಥೆಸಲೊನೀಕದವರಿಗೆ ಬರೆದ ಮೊದಲ ಪತ್ರ ಸುಮಾರು 50ರದ್ದು. ಅಲ್ಲಿ ಜನರಿಗೆ ಒಂದು ಚಿಂತೆ: ಬರೋಣಕ್ಕೆ ಮೊದಲೇ ಸತ್ತುಹೋದ ನಮ್ಮವರ ಗತಿ ಏನು? ಈ ಚಿಂತೆ ಹುಟ್ಟಬೇಕಾದರೆ ಸಾಯುವ ಮೊದಲೇ ಬರುತ್ತಾನೆ ಅಂತ ಅವರು ನಂಬಿರಬೇಕು, ಅಲ್ವಾ? ಪೌಲನೂ ‘ಉಳಿದಿರುವ ನಾವು’ ಅಂತಲೇ ಬರೆಯುತ್ತಾನೆ, ‘ಅವರು’ ಅಂತಲ್ಲ. ಸತ್ತವರು ಏಳುವುದರ ಬಗ್ಗೆ ಅವನು ಹೇಳುವುದನ್ನು ಯೆರೂಸಲೇಮಿನ ಮುತ್ತಿಗೆಗೆ ಹೊಂದಿಸುವುದು ಕಷ್ಟ. ಆಮೇಲೆ ಬಂದ ಪೇತ್ರನ ಎರಡನೇ ಪತ್ರದಲ್ಲಿ, ‘ಎಲ್ಲಿ ಅವನು ಬರುತ್ತೇನೆ ಅಂದದ್ದು’ ಅಂತ ಗೇಲಿ ಮಾಡುವವರಿಗೆ ಉತ್ತರ ಇದೆ. ಕರ್ತನಿಗೆ ಒಂದು ದಿನ ಸಾವಿರ ವರ್ಷದ ಹಾಗೆ. ಅಂದರೆ ತಡ ಆಗುತ್ತಿದೆ ಅನ್ನುವ ಪ್ರಶ್ನೆ ನಾವು ಹಿಂಜಾರಿದವರು ಎತ್ತಿದ್ದಲ್ಲ. ಅದು ಬೈಬಲಿನ ಒಳಗೇ ಇದೆ.

ಈಗ ಬೈಬಲಿನ ದಾನಿಯೇಲನ ಪುಸ್ತಕ. ಇದು ಲೆಕ್ಕದವನ ಅಖಾಡ. ಪುಸ್ತಕದ ಕತೆ ನಡೆಯುವುದು ಕ್ರಿ.ಪೂ. ಆರನೇ ಶತಮಾನದ ಬಾಬೆಲಿನಲ್ಲಿ. ಅದರ 11ನೇ ಅಧ್ಯಾಯದಲ್ಲಿ ಮುಂದಿನ ಗ್ರೀಕ್ ರಾಜರ ಯುದ್ಧ, ಮದುವೆ, ಮೋಸ ಎಲ್ಲಾ ಕಣ್ಣಾರೆ ಕಂಡ ಹಾಗೆ ಬರುತ್ತದೆ. ನಾಲ್ಕನೇ ಆಂಟಿಯೋಕಸ್ ಅನ್ನುವ ಸಿರಿಯಾದ ರಾಜ ಕ್ರಿ.ಪೂ. 167ರಲ್ಲಿ ದೇವಾಲಯ ಅಪವಿತ್ರ ಮಾಡಿದ್ದೂ ಇದೆ. ಆಮೇಲೆ ಅವನು ಸಮುದ್ರಕ್ಕೂ ಪವಿತ್ರ ಬೆಟ್ಟಕ್ಕೂ ನಡುವೆ ಡೇರೆ ಹಾಕಿ ಕೊನೆಯಾಗುತ್ತಾನೆ ಅಂತಿದೆ. ನಿಜಕ್ಕೂ ಅವನು ಸತ್ತದ್ದು ಕ್ರಿ.ಪೂ. 164ರಲ್ಲಿ, ದೂರದ ಪರ್ಷಿಯಾ ಕಡೆ. ಅಲ್ಲಿಯವರೆಗೆ ಕರಾರುವಾಕ್ಕಾಗಿ ಬಂದ ಭವಿಷ್ಯ ಅಲ್ಲಿ ತಪ್ಪುತ್ತದೆ. ಹಾಗಾದರೆ ಪುಸ್ತಕ ಬರೆದದ್ದು ಯಾವಾಗ? ನಮ್ಮ ಊರಿನ ಉದಾಹರಣೆ ಕೊಡುತ್ತೇನೆ. ತಾರೀಕಿಲ್ಲದ ಒಂದು ಹಳೇ ಪತ್ರ ಸಿಕ್ಕಿತು ಅನ್ನಿ. ಅದರಲ್ಲಿ ಘಟಪ್ರಭೆಯ ಹಿನ್ನೀರು ಯಾವ ಓಣಿಗೆ ಬಂತು, ಯಾರ ಮನೆ ಮೊದಲು ಖಾಲಿಯಾಯಿತು ಎಲ್ಲಾ ಸರಿಯಾಗಿದೆ. ಆದರೆ ‘ಮುಂದಿನ ವರ್ಷ ನೀರು ಇಳಿದು ಎಲ್ಲರೂ ವಾಪಸು ಬರುತ್ತಾರೆ’ ಅಂತಲೂ ಇದೆ. ಪತ್ರ ಯಾವಾಗ ಬರೆದದ್ದು ಅಂತ ಹೇಳಲು ಯಾವ ಪಂಡಿತನೂ ಬೇಡ. ಪೋರ್ಫಿರಿ ಅನ್ನುವ ತತ್ವಜ್ಞಾನಿ ಕ್ರಿ.ಶ. ಮೂರನೇ ಶತಮಾನದಲ್ಲೇ ಇದನ್ನು ಹೇಳಿದ್ದ. ಇವತ್ತಿನ ಬಹುತೇಕ ವಿದ್ವಾಂಸರೂ ಪುಸ್ತಕದ ಈ ಭಾಗವನ್ನು ಕ್ರಿ.ಪೂ. 165ರ ಸುಮಾರಿಗೆ ಇಡುತ್ತಾರೆ. ಇಲ್ಲ, ಕೊನೆಯ ಆರು ವಚನ ಇನ್ನೂ ಮುಂದೆ ಬರುವ ಕ್ರಿಸ್ತವಿರೋಧಿಯ ಬಗ್ಗೆ ಅಂತ ಸಭೆಯವರು ಹೇಳುತ್ತಾರೆ. ಆದರೆ ವಾಕ್ಯದಲ್ಲಿ ರಾಜ ಬದಲಾದ ಸುಳಿವು ಎಲ್ಲೂ ಇಲ್ಲ.

ದಾನಿಯೇಲ 9ರಲ್ಲಿ ‘ಎಪ್ಪತ್ತು ವಾರ’ ಇದೆ. ವಾರ ಅಂದರೆ ಏಳು ವರ್ಷ, ಒಟ್ಟು 490 ವರ್ಷ. ಅದರಲ್ಲಿ 69 ವಾರ ಕಳೆದ ಮೇಲೆ ಅಭಿಷಿಕ್ತನೊಬ್ಬ ಸಾಯುತ್ತಾನೆ. ನಮ್ಮ ಸಭೆಗೆ ಬಂದ ಒಬ್ಬ ಬೋಧಕರು ಕರಿಹಲಗೆಯ ಮೇಲೆ ಬರೆದು ತೋರಿಸಿದ್ದು ನನಗೆ ಇನ್ನೂ ನೆನಪಿದೆ. 483 ವರ್ಷ ಗುಣಿಸು 360 ದಿನ, 1,73,880 ದಿನ. ಕ್ರಿ.ಪೂ. 445ರಲ್ಲಿ ಯೆರೂಸಲೇಮ್ ಕಟ್ಟಲು ಪರ್ಷಿಯಾದ ರಾಜ ಕೊಟ್ಟ ಅಪ್ಪಣೆಯಿಂದ ಎಣಿಸಿದರೆ ಯೇಸು ಕತ್ತೆಯ ಮೇಲೆ ಊರಿಗೆ ಬಂದ ದಿನಕ್ಕೇ ಸರಿಯಾಗಿ ಬರುತ್ತದೆ! ಇಡೀ ಸಭೆ ಹಲ್ಲೆಲೂಯ ಅಂದಿತು, ನಾನೂ ಅಂದೆ. ಲೆಕ್ಕ ಹಳೆಯದು, ರಾಬರ್ಟ್ ಆಂಡರ್ಸನ್ ಅನ್ನುವ ಲಂಡನ್ನಿನ ಪೊಲೀಸ್ ಅಧಿಕಾರಿ 19ನೇ ಶತಮಾನದ ಕೊನೆಗೆ ಹಾಕಿದ್ದು.

ಲೆಕ್ಕದವನು ಚಹಾ ಅಂಗಡಿಯ ಬಿಲ್ಲಿನ ಹಿಂದೆ ಇದನ್ನು ಬಿಚ್ಚಿಟ್ಟ. ಮೊದಲನೆಯದು, ವರ್ಷಕ್ಕೆ 360 ದಿನ ಯಾಕೆ? ಯೆಹೂದ್ಯರು ಅಧಿಕ ಮಾಸ ಸೇರಿಸಿ ಸೂರ್ಯನ ವರ್ಷಕ್ಕೆ ಸರಿ ಮಾಡಿಕೊಳ್ಳುತ್ತಿದ್ದರು, ನಮ್ಮ ಪಂಚಾಂಗದ ಹಾಗೆಯೇ. 365ರ ಲೆಕ್ಕ ಹಿಡಿದರೆ ಶಿಲುಬೆಯ ವರ್ಷ ದಾಟಿಹೋಗುತ್ತದೆ, ಅದಕ್ಕೇ 360. ಎರಡನೆಯದು, ಪರ್ಷಿಯಾದ ರಾಜರ ಅಪ್ಪಣೆಗಳು ಒಂದಲ್ಲ, ಹಲವು. 538ರದ್ದಿದೆ, 457ರದ್ದಿದೆ, 445ರದ್ದಿದೆ. ಯಾವುದರಿಂದ ಎಣಿಸಿದರೆ ಉತ್ತರ ಬರುತ್ತದೋ ಅದನ್ನು ಹಿಡಿಯುವುದು. ಮೂರನೆಯದು, 69 ವಾರ ಮುಗಿದ ಮೇಲೆ ಗಡಿಯಾರ ನಿಲ್ಲಿಸಿ, ಎಪ್ಪತ್ತನೇ ವಾರ ಎರಡು ಸಾವಿರ ವರ್ಷ ಆದ ಮೇಲೆ ಅನ್ನುವುದು. ಅದೇ ನಮ್ಮ ಏಳು ವರ್ಷದ ಮಹಾ ಸಂಕಟ. ‘ಟೋಟಲ್ ಮೊದಲ ಬರದು, ಆಮ್ಯಾಲ ವೋಚರ್ ಹುಡುಕಿದಂಗ ಇದು’ ಅಂದ. ಅವನ ಕೆಲಸದಲ್ಲಿ ಇದನ್ನು ಅವನು ದಿನಾ ನೋಡುತ್ತಾನೆ.

ಅದೇ ಪುಸ್ತಕ, ಅದೇ ರಾಜ, ಬೇರೆ ಅಪ್ಪಣೆ ಹಿಡಿದರೆ ಏನಾಗುತ್ತದೆ ಅನ್ನುವುದಕ್ಕೆ ವಿಲಿಯಂ ಮಿಲ್ಲರ್ ಸಾಕ್ಷಿ. ನ್ಯೂಯಾರ್ಕ್ ರಾಜ್ಯದ ರೈತ, ಬ್ಯಾಪ್ಟಿಸ್ಟ್. ದಾನಿಯೇಲ 8ರಲ್ಲಿ 2,300 ದಿನ ಅಂತಿದೆ. ದಿನ ಅಂದರೆ ವರ್ಷ ಅಂದುಕೊಂಡು, ಕ್ರಿ.ಪೂ. 457ರಿಂದ ಎಣಿಸಿ 1843 ಅಂದ. ಕ್ರಿ.ಪೂ. 1 ಆದ ಮೇಲೆ ಸೊನ್ನೆ ವರ್ಷ ಇಲ್ಲ, ನೇರ ಕ್ರಿ.ಶ. 1 ಅಂತ ಆಮೇಲೆ ಹೊಳೆದು 1844 ಆಯಿತು. ಕೊನೆಗೆ ಅವನ ಹಿಂದೆ ಬಂದವರು 1844ರ ಅಕ್ಟೋಬರ್ 22 ಅಂತ ದಿನವನ್ನೇ ಗೊತ್ತು ಮಾಡಿದರು. ಹೊಲದ ಬೆಳೆ ಕೀಳದೆ ಬಿಟ್ಟವರಿದ್ದರು, ಸಾಲ ತೀರಿಸಿ ಕೂತವರಿದ್ದರು. ರಾತ್ರಿ ಹನ್ನೆರಡು ಹೊಡೆಯಿತು. ಬೆಳಗಾಗುವ ತನಕ ಅತ್ತರು. ಮರುದಿನ ಬೆಳಿಗ್ಗೆ ಅವರಲ್ಲೊಬ್ಬನಿಗೆ ಹೊಳೆಯಿತು: ತಾರೀಕು ಸರಿ, ಜಾಗ ಮಾತ್ರ ತಪ್ಪು, ಯೇಸು ಆ ದಿನ ಸ್ವರ್ಗದ ದೇವಾಲಯದಲ್ಲೇ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋದ. ಆ ಗುಂಪಿನಿಂದ 1863ರಲ್ಲಿ ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆ ಕಟ್ಟಿಕೊಂಡಿತು. ಯೆಹೋವನ ಸಾಕ್ಷಿಗಳು ಅನ್ನುವ ಪಂಗಡದವರು ತಾವು ಲೆಕ್ಕ ಹಾಕಿದ್ದ 1914ಕ್ಕೂ ಇಂಥದ್ದೇ ವಿವರಣೆ ಕೊಡುತ್ತಾರೆ: ಆ ವರ್ಷ ಕ್ರಿಸ್ತ ಕಾಣದ ಹಾಗೆ ಸಿಂಹಾಸನ ಏರಿದ. ಘಟನೆಯನ್ನು ಕಣ್ಣಿಗೆ ಬೀಳದ ಜಾಗಕ್ಕೆ ಸಾಗಿಸಿದರೆ ತಾರೀಕು ಎಂದಿಗೂ ಸುಳ್ಳಾಗುವುದಿಲ್ಲ.

ತಾರೀಕು ತಪ್ಪಿದರೆ ಜನ ಇನ್ನೂ ಗಟ್ಟಿಯಾಗಿ ನಂಬುತ್ತಾರೆ ಅನ್ನುವ ಮಾತನ್ನು ನೀವು ಕೇಳಿರುತ್ತೀರಿ. ಲಿಯಾನ್ ಫೆಸ್ಟಿಂಗರ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞ ಮತ್ತು ಜೊತೆಗಾರರು 1954ರಲ್ಲಿ ಪ್ರಳಯ ಕಾಯುತ್ತಿದ್ದ ಒಂದು ಚಿಕ್ಕ ಗುಂಪನ್ನು ನೋಡಿ 1956ರಲ್ಲಿ ಬರೆದದ್ದು ಅದು. ನಾನೂ ಇದನ್ನು ವರ್ಷಗಟ್ಟಲೆ ಎಲ್ಲರ ತಲೆಗೆ ಹಾಕುತ್ತಿದ್ದೆ. ಇತ್ತೀಚೆಗೆ ಅವರ ಹಳೇ ಕಾಗದಗಳನ್ನು ತೆಗೆದು ನೋಡಿದವರು, ಸಂಶೋಧಕರೇ ಗುಂಪಿನೊಳಗೆ ಜಾಸ್ತಿ ಕೈಯಾಡಿಸಿದ್ದರು ಅಂತ ಗಂಭೀರ ಅನುಮಾನ ಎತ್ತಿದ್ದಾರೆ. ಅದಕ್ಕೇ ಈಗ ಹುಷಾರು. ಮಿಲ್ಲರನ ಹಿಂದಿದ್ದವರಲ್ಲಿ ತುಂಬಾ ಜನ ಸುಮ್ನೆ ಮನೆಗೆ ಹೋದರು, ಹಳೇ ಚರ್ಚಿಗೆ ವಾಪಸಾದರು. ಅವರ ಹೆಸರು ಚರಿತ್ರೆಯಲ್ಲಿಲ್ಲ, ಅಷ್ಟೇ.

666ರ ವಿಷಯ ಬೇಗ ಮುಗಿಸುತ್ತೇನೆ, ಯಾಕೆಂದರೆ ಇದು ಇದ್ದುದರಲ್ಲೇ ಸುಲಭ. ಇಬ್ರಿಯದಲ್ಲಿ ಅಕ್ಷರಕ್ಕೆ ಅಂಕಿ ಇದೆ. ‘ನೆರೋನ್ ಕೇಸರ್’, ಅಂದರೆ ನೀರೋ ಚಕ್ರವರ್ತಿ, ಬರೆದು ಕೂಡಿಸಿ: 50, 200, 6, 50, 100, 60, 200. ಒಟ್ಟು 666. ಲ್ಯಾಟಿನ್ ರೀತಿಯಲ್ಲಿ ಕೊನೆಯ ‘ನ್’ ಬಿಟ್ಟು ‘ನೆರೋ’ ಅಂತ ಬರೆದರೆ 50 ಕಡಿಮೆ, 616. ಪ್ರಕಟನೆಯ ಕೆಲವು ಹಳೇ ಪ್ರತಿಗಳಲ್ಲಿ ನಿಜವಾಗಿಯೂ 616 ಅಂತಲೇ ಇದೆ! ಅದೇ ಗ್ರಂಥದಲ್ಲಿ ಬರುವ ಏಳು ಬೆಟ್ಟದ ಮೇಲೆ ಕೂತ ಹೆಂಗಸು ಅಂದರೆ ರೋಮ್ ಅಂತ ಆಗಿನ ಮಗುವಿಗೂ ಗೊತ್ತಿತ್ತು. ಮೊದಲ ಶತಮಾನದ ಕೊನೆಗೆ, ಏಷ್ಯಾ ಸೀಮೆಯ ಏಳು ಸಭೆಗಳಿಗೆ ಬರೆದ ಪುಸ್ತಕ ಅದು. ನಮಗೆ ಬಾರ್‌ಕೋಡ್, ಆಮೇಲೆ ಆಧಾರ್, ಆಮೇಲೆ ಕೊರೊನಾ ಲಸಿಕೆ ಈ 666ರ ‘ಮೃಗದ ಗುರುತಾಗಿ’ ಬಂದವು. 2021ರಲ್ಲಿ ಲಸಿಕೆ ಬೇಡ ಅಂತ ಹಟ ಹಿಡಿದ ಒಬ್ಬ ಹಿರಿಯರಿಗೆ ನಮ್ಮ ನರ್ಸ್ ಸಿರಿಂಜು ಕೈಯಲ್ಲಿ ಹಿಡಿದೇ ನೀರೋನ ಲೆಕ್ಕ ಹೇಳಿದಳಂತೆ. ಅವರು ಪೂರ್ತಿ ಕೇಳಿ, ‘ನೀ ಹೇಳೂದು ಖರೇ ಇರಬಹುದು ತಂಗಿ, ಆದರ ನನಗ ಭಯ ಐತಲ್ಲ’ ಅಂದರು. ತೋಳು ಮಾತ್ರ ಕೊಟ್ಟರು.

ಈ ಭಯ ನಮ್ಮ ಕಡೆ ಯಾಕೆ ಇಷ್ಟು ಬೇಗ ಬೇರು ಬಿಡುತ್ತದೆ ಅಂತ ನಾನು ಯೋಚಿಸಿದ್ದೇನೆ. ನೆಲ ಮೊದಲೇ ಹದವಾಗಿತ್ತು ಅಂತ ಕಾಣುತ್ತದೆ. ವಿಜಯಪುರ ಜಿಲ್ಲೆಯ ಬಬಲಾದಿ ಮಠದ ಕಾಲಜ್ಞಾನ, ಕೊಡೇಕಲ್ ಬಸವಣ್ಣನ ಕಾಲಜ್ಞಾನ ಕೇಳಿ ಬೆಳೆದ ಸೀಮೆ ಇದು. ಮೈಲಾರದಲ್ಲಿ ಗೊರವಯ್ಯ ಬಿಲ್ಲು ಏರಿ ಒಂದೇ ಸಾಲು ಕಾರ್ಣಿಕ ನುಡಿಯುತ್ತಾನೆ, ಮರುದಿನ ಪೇಪರಿನಲ್ಲಿ ಅದು ಮಳೆಯೋ, ಬೆಳೆಯೋ, ಮುಖ್ಯಮಂತ್ರಿಯ ಕುರ್ಚಿಯೋ ಅಂತ ಬಿಡಿಸುತ್ತಾರೆ. ವರ್ಷದ ಕೊನೆಗೆ ಯಾವುದು ಹೊಂದಿತೋ ಅದೇ ಅರ್ಥ. ಸಭೆಗೆ ಬಂದ ನಮ್ಮ ಮುತ್ಯಾ ಕಾಲಜ್ಞಾನ ಬಿಟ್ಟು ಬಂದೆ ಅಂದುಕೊಂಡಿದ್ದ. ಪುಸ್ತಕ ಬದಲಾಯಿತು, ಕೇಳುವ ಕಿವಿ ಅದೇ ಇತ್ತು.

ಇದನ್ನು ನಾನು ಮುಳುಗಡೆಯ ಜೊತೆ ಇಟ್ಟು ನೋಡುತ್ತೇನೆ. ಆಲಮಟ್ಟಿ ಅಣೆಕಟ್ಟಿಗೆ ಲಾಲ್ ಬಹದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದ್ದು 1964ರಲ್ಲಿ. ಊರು ಮುಳುಗುತ್ತದೆ ಅಂತ ನಮಗೂ ಒಂದು ಭವಿಷ್ಯ ಇತ್ತು. ಆದರೆ ಅದಕ್ಕೆ ಅಂಕಿ ಇತ್ತು: ನೀರು ನಿಲ್ಲುವ ಮಟ್ಟ 519.60 ಮೀಟರ್. ಯಾವ ಓಣಿ ಹೋಗುತ್ತದೆ, ಯಾವುದು ಉಳಿಯುತ್ತದೆ ಅಂತ ಅಳೆದು ನೋಡಬಹುದಿತ್ತು. ನೀರು ಆ ಗೆರೆಗೆ ಬರದಿದ್ದರೆ ಇಂಜಿನಿಯರನ್ನು ನಿಲ್ಲಿಸಿ ಕೇಳಬಹುದಿತ್ತು. ‘ಆ ದಿನವೂ ಗಳಿಗೆಯೂ ಯಾರಿಗೂ ತಿಳಿಯದು, ಮಗನಿಗೂ ತಿಳಿಯದು’ ಅನ್ನುವ ಮಾತು ಅದೇ ಮಾರ್ಕ 13ರಲ್ಲಿದೆ. ಅದನ್ನು ನೆಟ್ಟಗೆ ಪಾಲಿಸಿದ್ದರೆ ಅರ್ಧ ತೊಂದರೆ ತಪ್ಪುತ್ತಿತ್ತು. ಹೆರಾಲ್ಡ್ ಕ್ಯಾಂಪಿಂಗ್ ಅನ್ನುವ ಅಮೆರಿಕದ ರೇಡಿಯೊ ಬೋಧಕ 2011ರ ಮೇ 21 ಅಂದು, ಅದು ತಪ್ಪಿದ ಮೇಲೆ ಅಕ್ಟೋಬರ್ 21 ಅಂದು, ಅದೂ ತಪ್ಪಿದ ಮೇಲೆ ಕೊನೆಗೆ ಈ ವಚನಕ್ಕೆ ತಲೆಬಾಗಿ ತಪ್ಪಾಯಿತು ಅಂದ. ಎರಡು ವರ್ಷದೊಳಗೆ ತೀರಿಕೊಂಡ.

ಇನ್ನು ಎರಡನೇ ಜಗಳ. ಭವಿಷ್ಯ ನೆರವೇರಿದ್ದೇ ಬೈಬಲ್ ನಿಜ ಅನ್ನುವುದಕ್ಕೆ ಆಧಾರ ಅಂತ ನಮಗೆ ಕಲಿಸಿದ್ದರು. ಆ ಕಂಬ ನಿಲ್ಲುವುದಿಲ್ಲ ಅಂತ ನಾವು ನಾಲ್ವರೂ ಒಪ್ಪುತ್ತೇವೆ. ಯೆಶಾಯ 7ರ ‘ಕನ್ನಿಕೆ ಗರ್ಭವತಿಯಾಗುವಳು’ ಇಬ್ರಿಯದಲ್ಲಿ ‘ಅಲ್ಮಾ’, ಅಂದರೆ ಹರೆಯದ ಹೆಣ್ಣು. ಗ್ರೀಕಿಗೆ ಹೋದಾಗ ಕನ್ಯೆ ಆಯಿತು. ಮಾತು ಹೇಳಿದ್ದೇ ಆಹಾಜ ರಾಜನಿಗೆ, ಅವನ ಕಾಲದ ಯುದ್ಧದ ಬಗ್ಗೆ. ಯೆಹೆಜ್ಕೇಲ 26ರಲ್ಲಿ ನೆಬೂಕದ್ನೆಚ್ಚರ ತೂರ್ ಪಟ್ಟಣವನ್ನು ಕೆಡವುತ್ತಾನೆ ಅಂತಿದೆ. 29ನೇ ಅಧ್ಯಾಯದಲ್ಲಿ ಅದೇ ಪ್ರವಾದಿ, ಅವನಿಗೆ ತೂರಿನಿಂದ ಕೂಲಿಯೂ ಹುಟ್ಟಲಿಲ್ಲ ಅನ್ನುತ್ತಾನೆ. ಇದು ನನಗೆ ಇಷ್ಟವಾಗುತ್ತದೆ. ತಪ್ಪಿದ್ದನ್ನು ಅಳಿಸದೆ ಬಿಟ್ಟಿದ್ದಾರಲ್ಲ.

ಮುಂದೆ ಮಾತ್ರ ನಾಲ್ವರದೂ ನಾಲ್ಕು ದಾರಿ. ಲೆಕ್ಕದವನಿಗೆ ಒಂದು ತಪ್ಪಿದರೆ ಎಲ್ಲಾ ತಪ್ಪು, ಖಾತೆ ಬಂದ್. ಇದನ್ನು ನಾನು ಒಪ್ಪುವುದಿಲ್ಲ. ತಾರೀಕು ತಪ್ಪಿತು, ಆದ್ದರಿಂದ ದೇವರಿಲ್ಲ ಅನ್ನುವುದು ನಡುವೆ ನಾಲ್ಕು ಮೆಟ್ಟಿಲು ಹಾರಿದ ಹಾಗೆ. ಅವನು ಸಭೆಯಲ್ಲಿದ್ದಾಗಲೂ ಹೀಗೆಯೇ ಹಾರುತ್ತಿದ್ದ, ಆಗ ಮೇಲಕ್ಕೆ. ನರ್ಸ್ ಪುನರುತ್ಥಾನದ ವಾದವನ್ನು ಸುಲಭಕ್ಕೆ ಬಿಡುವುದಿಲ್ಲ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯದಲ್ಲಿ ಪೌಲ ಒಂದು ಪಟ್ಟಿ ಕೊಡುತ್ತಾನೆ. ಕ್ರಿಸ್ತ ಪೇತ್ರನಿಗೆ ಕಾಣಿಸಿದ, ಹನ್ನೆರಡು ಮಂದಿಗೆ, ಐನೂರಕ್ಕೂ ಜಾಸ್ತಿ ಜನರಿಗೆ, ಕೊನೆಗೆ ನನಗೆ. ಪೌಲ ಇದನ್ನು ಇನ್ನೊಬ್ಬರಿಂದ ಪಡೆದದ್ದು ಅನ್ನುತ್ತಾನೆ, ಶಿಲುಬೆಯಾದ ಕೆಲವೇ ವರ್ಷಗಳಲ್ಲಿ ಈ ಸಾಲುಗಳು ಇದ್ದವು ಅಂತ ನಂಬದ ವಿದ್ವಾಂಸರಲ್ಲೂ ಅನೇಕರು ಒಪ್ಪುತ್ತಾರೆ. ಅಂದರೆ ಇದು ಶತಮಾನ ಕಳೆದ ಮೇಲೆ ಕಟ್ಟಿದ ಕತೆಯಲ್ಲ, ಅವರು ಏನನ್ನೋ ಕಂಡರು ಅನ್ನುತ್ತಾಳೆ ಅವಳು. ಕಂಡರು ಅನ್ನುವುದಕ್ಕೆ ನನ್ನ ತಕರಾರಿಲ್ಲ. ಸತ್ತ ಗಂಡ ಹೊಸ್ತಿಲಲ್ಲಿ ನಿಂತದ್ದನ್ನು ಕಂಡ ಹೆಂಗಸರು ನಮ್ಮ ಓಣಿಯಲ್ಲೇ ಇದ್ದರು. ಅದಕ್ಕೆ ಅವಳು, ‘ಅವರು ಯಾರೂ ಅದಕ್ಕಾಗಿ ಪೆಟ್ಟು ತಿಂದು ಊರೂರು ತಿರುಗಲಿಲ್ಲ’ ಅನ್ನುತ್ತಾಳೆ. ಇಷ್ಟು ವಾದ ಮಾಡುವವಳು ಯಾಕೆ ಬಿಟ್ಟೆ ಅಂತ ಕೇಳಿದರೆ, ವಾದದಿಂದ ಬಿಡಲಿಲ್ಲ, ಆ ಹಿರಿಯರ ಮುಖದಲ್ಲಿದ್ದ ಭಯ ನೋಡಿ ಬಿಟ್ಟೆ ಅಂತಾಳೆ.

ಮೇಷ್ಟ್ರು ಇನ್ನೂ ಹೋಗುವುದಕ್ಕೆ ಕೊಡುವ ಕಾರಣ ನಮಗೆ ಕಾರಣ ಅಂತಲೇ ಅನ್ನಿಸುವುದಿಲ್ಲ. ಅವನ ಅಜ್ಜಿಯ ಅಜ್ಜಿಗೆ ಅಕ್ಷರ ಕಲಿಸಿದ್ದು ಮಿಷನ್. ಚರ್ಚಿನಲ್ಲಿ ಹಾಡುವ ಕೀರ್ತನೆ ಅವನಿಗೆ ಬಾಯಿಪಾಠ. ಮಗ್ಗದ ಸದ್ದು ನಿಲ್ಲುವ ಒಂದೇ ದಿನ ಭಾನುವಾರ. ‘ನೀವು ಮೂರೂ ಮಂದಿ ಒಂದ ತಪ್ಪ ಮಾಡ್ತೀರಿ’ ಅಂದ ಒಮ್ಮೆ. ‘ನಂಬಿಕಿ ಅಂದ್ರ ಮುಂದ ಏನಾಗ್ತದಂತ ಗೊತ್ತಿರೂದು ಅಂತ ನಿಮಗ ಯಾರೋ ಹೇಳ್ಯಾರ. ಅದು ಗೊತ್ತಿಲ್ಲದಕ್ಕ ನಂಬಿಕಿ ಬೇಕಾಗೂದು.’ ಲೆಕ್ಕದವನು, ಹಂಗಾದ್ರ ಏನನ್ನ ಬೇಕಾದ್ರೂ ನಂಬಬಹುದಲ್ಲ ಅಂದ. ಮೇಷ್ಟ್ರು ಉತ್ತರ ಕೊಡಲಿಲ್ಲ, ಮಿರ್ಚಿ ತಿಂದ. ಲೆಕ್ಕದವನು ಕೇಳಿದ್ದು ಸರಿ ಅಂತ ನನಗೂ ಗೊತ್ತು. ಆದರೂ ನಮ್ಮಲ್ಲಿ ರಾತ್ರಿ ಕೆಟ್ಟ ಕನಸು ಬೀಳದವನು ಮೇಷ್ಟ್ರು ಒಬ್ಬನೇ.

ನನ್ನ ವಿಷಯ ಬೇರೆ. ನಾನು ಬಿಟ್ಟದ್ದು ಸೈಟಿನಿಂದ. ಮುಳುಗಡೆಗೆ ನಮ್ಮಪ್ಪನಿಗೆ ನವನಗರದಲ್ಲಿ ಸೈಟು ಬಂತು, ಪರಿಹಾರದ ಹಣವೂ ಬಂತು. ಅದು 1999. ಎರಡು ಸಾವಿರ ದಾಟುವುದಿಲ್ಲ ಅಂತ ಸಭೆಯಲ್ಲಿ ಒಬ್ಬರು ಗಟ್ಟಿಯಾಗಿ ಹೇಳುತ್ತಿದ್ದರು. ಅಪ್ಪ ಇಂಜಿನಿಯರ ಗೆರೆಯನ್ನು ನಂಬಿ ಹಳೇ ಮನೆ ಬಿಟ್ಟ, ಸಭೆಯವರ ಗೆರೆಯನ್ನು ನಂಬಿ ಹೊಸ ಮನೆ ಕಟ್ಟಲಿಲ್ಲ. ಹಣದಲ್ಲಿ ಜಾಸ್ತಿ ಪಾಲು ಸೇವೆಗೆ ಕೊಟ್ಟ. ನಾಲ್ಕು ವರ್ಷ ಬಾಡಿಗೆ ಮನೆಯಲ್ಲಿದ್ದೆವು. ಆಮೇಲೆ ಸಾಲ ಮಾಡಿ ಎರಡು ಖೋಲಿ ಎಬ್ಬಿಸಿದ. ಹೇಳಿದವರು ತಪ್ಪಾಯಿತು ಅನ್ನಲಿಲ್ಲ, ಅಪ್ಪ ಕೇಳಲೂ ಇಲ್ಲ.

ಆಲಮಟ್ಟಿಯ ಎತ್ತರ 524.256 ಮೀಟರಿಗೆ ಏರಿಸಲು 2010ರಲ್ಲಿ ಕೃಷ್ಣಾ ನೀರಿನ ನ್ಯಾಯಮಂಡಳಿ ಒಪ್ಪಿಗೆ ಕೊಟ್ಟಿತು. ಹಳೇ ಊರಲ್ಲಿ ಉಳಿದವರು ಅಂದಿನಿಂದ ಗೋಡೆಗೆ ಸುಣ್ಣ ಹೊಡೆಸಲೋ ಬೇಡವೋ ಅಂತ ಕೂತಿದ್ದಾರೆ. ಈಗ ನಾನು ಬೆಳಗಾವಿಯಿಂದ ವಾರಕ್ಕೊಮ್ಮೆ ಊರಿಗೆ ಬರುತ್ತೇನೆ, ನಡುವೆ ಫೋನ್ ಮಾಡುತ್ತೇನೆ. ಅಪ್ಪ ಕೇಳುವುದು ಎರಡೇ ಪ್ರಶ್ನೆ. 524 ಆಗ್ತದಂತೇನು? ಸಭೆಗೆ ಹೋಗಿದ್ದೇನು? ಮೊದಲನೆಯದಕ್ಕೆ ನನಗೆ ಗೊತ್ತಿರುವಷ್ಟನ್ನು ವಿವರವಾಗಿ ಹೇಳುತ್ತೇನೆ. ಅಷ್ಟರಲ್ಲಿ ಅವ್ವ ಫೋನ್ ಕಸಿದುಕೊಂಡು ಊಟ ಆಯಿತಾ ಅಂತ ಕೇಳುತ್ತಾಳೆ.